ಕಾನೂನು ಜೀವ ಉಳಿಸಿತೇ? ಲೆಕ್ಕ ಇಡುವವರಿಲ್ಲ

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅದರಲ್ಲಿ ಕರ್ನಾಟಕದ ಪಾಲು 11,702. ಮರುವರ್ಷ ರಾಜ್ಯದ ಸಂಖ್ಯೆ 12 ಸಾವಿರ ದಾಟಿತು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಪ್ರತಿವರ್ಷ ಹೊರತರುವ ವರದಿಯಲ್ಲಿ ಈ ಸಾವುಗಳನ್ನು ತಿಂಗಳು, ಹೊತ್ತು, ವಾಹನದ ಬಗೆ, ರಸ್ತೆಯ ಬಗೆ, ವಯಸ್ಸು ಹೀಗೆ ಹತ್ತಾರು ರೀತಿಯಲ್ಲಿ ವಿಂಗಡಿಸಿರುತ್ತಾರೆ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029. ಅವರಲ್ಲಿ 35,692 ಮಂದಿ ಸವಾರರು, 14,337 ಮಂದಿ ಹಿಂದೆ ಕುಳಿತವರು ಎಂಬಷ್ಟು ವಿವರವೂ ಅಲ್ಲಿದೆ. ಆದರೆ ಆ 14,337 ಮಂದಿ ಸತ್ತ ಊರುಗಳಲ್ಲಿ ಹಿಂಬದಿ ಸವಾರರಿಗೆ ಹೆಲ್ಮೆಟ್ ಕಡ್ಡಾಯವೆಂಬ ನಿಯಮ ಯಾವಾಗಿನಿಂದ ಜಾರಿಯಲ್ಲಿತ್ತು, ದಂಡ ಎಷ್ಟಿತ್ತು, ಅದನ್ನು ಯಾವ ಸರ್ಕಾರ ಯಾವ ದಿನ ಇಳಿಸಿತು, ಇಳಿಸಿದ ಮೇಲೆ ಏನಾಯಿತು ಎಂದು ಆ ವರದಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಾವಿನ ಲೆಕ್ಕ ಇದೆ, ಕಾನೂನಿನ ಲೆಕ್ಕ ಇಲ್ಲ. ಎರಡನ್ನೂ ಎದುರುಬದುರು ಇಟ್ಟು ನೋಡುವ ಅಭ್ಯಾಸವನ್ನು ನಮ್ಮ ಆಡಳಿತ ಬೆಳೆಸಿಕೊಳ್ಳದಿರುವುದೇ ರಸ್ತೆ ಸುರಕ್ಷತೆಯ ದೊಡ್ಡ ಕೊರತೆ ಎಂಬುದು ನನ್ನ ವಾದ. ಈ ಮಾತು ರಸ್ತೆಗೆ ಮಾತ್ರವಲ್ಲ, ಒಟ್ಟು ಸಾರ್ವಜನಿಕ ಆರೋಗ್ಯಕ್ಕೂ ಅನ್ವಯಿಸುತ್ತದೆ.

ಒಂದು ಔಷಧಿ ಮಾರುಕಟ್ಟೆಗೆ ಬರಬೇಕಾದರೆ ಯಾರಿಗೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ ಕೊಟ್ಟಾಗ ಏನಾಯಿತು ಎಂಬ ದಾಖಲೆ ಬೇಕೇ ಬೇಕು. ಕೋಟಿಗಟ್ಟಲೆ ಜನರ ಮೇಲೆ ಒಮ್ಮೆಗೇ ಪ್ರಯೋಗವಾಗುವ ಕಾನೂನಿಗೆ ಅಂಥ ದಾಖಲೆಯನ್ನು ಯಾರೂ ಕೇಳುವುದಿಲ್ಲ. ಕಾನೂನು ದತ್ತಾಂಶ ಸಂಶೋಧನೆ ಎಂದು ಕರೆಯಬಹುದಾದ ಶಾಸ್ತ್ರ ಹುಟ್ಟಿರುವುದು ಈ ಕೊರತೆಯನ್ನು ತುಂಬಲಿಕ್ಕೆ. ಅದರ ಕೆಲಸ ಕೇಳಲು ಸರಳ. ಒಂದು ವಿಷಯಕ್ಕೆ ಸಂಬಂಧಿಸಿದ ಕಾಯ್ದೆ, ನಿಯಮ, ಅಧಿಸೂಚನೆ, ಸುತ್ತೋಲೆ, ತೀರ್ಪುಗಳನ್ನೆಲ್ಲ ಕಲೆಹಾಕಿ ಅವನ್ನು ಸಣ್ಣ ಸಣ್ಣ ಪ್ರಶ್ನೆಗಳಾಗಿ ಒಡೆಯುವುದು. ಪ್ರತಿ ಪ್ರಶ್ನೆಗೆ ಪ್ರತಿ ರಾಜ್ಯದಲ್ಲಿ, ಪ್ರತಿ ದಿನಾಂಕಕ್ಕೆ ಉತ್ತರವೇನಿತ್ತು ಎಂದು ಬರೆದಿಡುವುದು. ಇಬ್ಬರು ಸಂಶೋಧಕರು ಒಬ್ಬರದನ್ನೊಬ್ಬರು ನೋಡದೆ ಅದೇ ಕಾನೂನನ್ನು ಓದಿ ಉತ್ತರ ಗುರುತಿಸುತ್ತಾರೆ. ಇಬ್ಬರ ಉತ್ತರ ಬೇರೆಯಾದಲ್ಲಿ ಮತ್ತೆ ಮೂಲ ಪಠ್ಯಕ್ಕೆ ಹೋಗುತ್ತಾರೆ. ಹೀಗೆ ಸಿದ್ಧವಾದ ಪಟ್ಟಿಯನ್ನು ಆಸ್ಪತ್ರೆಯ, ಪೊಲೀಸರ, ನ್ಯಾಯಾಲಯದ ಅಂಕಿಅಂಶಗಳ ಪಕ್ಕದಲ್ಲಿಟ್ಟಾಗ ಯಾವ ಪದ ಜೀವ ಉಳಿಸಿತು, ಯಾವುದು ಬರೀ ಕಾಗದದಲ್ಲಿ ಉಳಿಯಿತು ಎಂದು ಕಾಣತೊಡಗುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಟೆಂಪಲ್ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ಪ್ರೊ. ಸ್ಕಾಟ್ ಬರಿಸ್ ಅವರ ತಂಡ ಈ ವಿಧಾನವನ್ನು ಒಂದು ಶಿಸ್ತಾಗಿ ಬೆಳೆಸಿದೆ. ಅವರು ಸಿದ್ಧಪಡಿಸಿದ ‘ಲಾ ಅಟ್ಲಾಸ್’ ಎಂಬ ಉಚಿತ ಕೋಶದಲ್ಲಿ ಚಾಲನೆ ವೇಳೆ ಮೊಬೈಲ್ ಬಳಕೆಯಿಂದ ಹಿಡಿದು ಹಲವು ಆರೋಗ್ಯ ಕಾನೂನುಗಳನ್ನು ರಾಜ್ಯವಾರು ನೋಡಬಹುದು.

ಪದಗಳ ಮಟ್ಟಕ್ಕೆ ಇಳಿದು ನೋಡುವುದರಿಂದ ಏನು ಪ್ರಯೋಜನ ಎಂಬುದಕ್ಕೆ ನಮ್ಮದೇ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಒಳ್ಳೆಯ ಉದಾಹರಣೆ. 1988ರ ಮೂಲ ಕಾಯ್ದೆಯಲ್ಲೇ ದ್ವಿಚಕ್ರ ವಾಹನದಲ್ಲಿ ಕುಳಿತವರೆಲ್ಲ ಹೆಲ್ಮೆಟ್ ಧರಿಸಬೇಕೆಂದಿತ್ತು. ಆದರೆ ರಾಜ್ಯ ಸರ್ಕಾರಗಳು ತಮಗೆ ಸೂಕ್ತ ಕಂಡಂತೆ ವಿನಾಯಿತಿ ಕೊಡಬಹುದು ಎಂಬ ಒಂದು ಸಾಲೂ ಅದರಲ್ಲಿತ್ತು. ಆ ಒಂದೇ ಸಾಲಿನ ಬಲದಿಂದ ಒಂದೊಂದು ರಾಜ್ಯದಲ್ಲಿ ಒಂದೊಂದು ಹೆಲ್ಮೆಟ್ ಕಾನೂನು ಬೆಳೆಯಿತು. ದೆಹಲಿಯಲ್ಲಿ 2014ರವರೆಗೆ ಹಿಂದೆ ಕುಳಿತ ಮಹಿಳೆಯರಿಗೆ ಹೆಲ್ಮೆಟ್ ಕಡ್ಡಾಯವಿರಲಿಲ್ಲ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಅದು ಕಡ್ಡಾಯವಾದದ್ದು 2016ರ ಜನವರಿಯಲ್ಲಿ, ಅದೂ ಸುಪ್ರೀಂ ಕೋರ್ಟ್ ನೇಮಿಸಿದ್ದ ರಸ್ತೆ ಸುರಕ್ಷತಾ ಸಮಿತಿಯ ಒತ್ತಡದ ಮೇಲೆ. 2019ರ ತಿದ್ದುಪಡಿ ರಾಜ್ಯಗಳ ಆ ವಿನಾಯಿತಿ ಅಧಿಕಾರವನ್ನು ತೆಗೆದುಹಾಕಿತು. ಪೇಟ ಧರಿಸಿದ ಸಿಖ್ಖರಿಗೆ ಮಾತ್ರ ವಿನಾಯಿತಿ ಉಳಿಯಿತು. ನಾಲ್ಕು ವರ್ಷ ಮೀರಿದ ಮಕ್ಕಳಿಗೂ ಹೆಲ್ಮೆಟ್ ಬೇಕೆಂದಾಯಿತು. ಅದಕ್ಕಿಂತ ಚಿಕ್ಕ ಮಕ್ಕಳ ವಿಷಯದಲ್ಲಿ 2022ರ ಫೆಬ್ರುವರಿಯಲ್ಲಿ ಬೇರೆ ನಿಯಮ ಬಂತು: ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡಾಗ ಹೆಲ್ಮೆಟ್ ಜತೆಗೆ ಸವಾರನ ಮೈಗೆ ಬಿಗಿಯುವ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಇನ್ನು ಹೆಲ್ಮೆಟ್ ಎಂದರೇನು ಎಂಬ ವಿವರಣೆಯಲ್ಲಿ ‘ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು’ ಎಂಬ ಷರತ್ತಿದೆ. ಕಾನೂನಿನ ಪ್ರಕಾರ ಗದ್ದದ ಕೆಳಗೆ ಬಕಲ್ ಹಾಕದ ಹೆಲ್ಮೆಟ್ ಹೆಲ್ಮೆಟ್ಟೇ ಅಲ್ಲ. ನಮ್ಮ ಊರುಗಳ ಸಿಗ್ನಲ್ಲಿನಲ್ಲಿ ಐದು ನಿಮಿಷ ನಿಂತರೆ ಪಟ್ಟಿ ಇಳಿಬಿಟ್ಟುಕೊಂಡು ಹೋಗುವವರು ಎಷ್ಟು ಮಂದಿ ಎಂದು ತಿಳಿಯುತ್ತದೆ. ಡಿಕ್ಕಿಯಾದ ಕ್ಷಣದಲ್ಲಿ ಮೊದಲು ಹಾರಿಹೋಗುವುದು ಆ ಹೆಲ್ಮೆಟ್ಟೇ.

ವಿಶ್ವ ಆರೋಗ್ಯ ಸಂಸ್ಥೆ 2009ರಿಂದೀಚೆಗೆ ಪ್ರಕಟಿಸುತ್ತಿರುವ ಜಾಗತಿಕ ರಸ್ತೆ ಸುರಕ್ಷತಾ ವರದಿಗಳಲ್ಲಿ ದೇಶಗಳ ಕಾನೂನುಗಳನ್ನು ಅಳೆಯುವುದು ಇಂಥ ವಿವರಗಳ ಮೇಲೆಯೇ. ಹೆಲ್ಮೆಟ್ ಕಾನೂನು ಸವಾರ, ಸಹಸವಾರ ಇಬ್ಬರಿಗೂ, ಎಲ್ಲ ರಸ್ತೆಗಳಿಗೂ, ಎಲ್ಲ ಎಂಜಿನ್‌ಗಳಿಗೂ ಅನ್ವಯಿಸುತ್ತದೆಯೇ, ಪಟ್ಟಿ ಬಿಗಿಯಬೇಕೆಂದು ಹೇಳುತ್ತದೆಯೇ, ಗುಣಮಟ್ಟದ ಮಾನದಂಡವನ್ನು ಉಲ್ಲೇಖಿಸುತ್ತದೆಯೇ ಎಂದು ಅದು ನೋಡುತ್ತದೆ. ಕಾಗದದ ಮೇಲೆ ನಮ್ಮ ಹೆಲ್ಮೆಟ್ ಕಾನೂನು ಈ ಪರೀಕ್ಷೆಯಲ್ಲಿ ಕೆಟ್ಟದಾಗೇನೂ ಕಾಣುವುದಿಲ್ಲ. ವೇಗದ ವಿಷಯದಲ್ಲಿ ಹಾಗಲ್ಲ. ನಗರದೊಳಗೆ ಗಂಟೆಗೆ 50 ಕಿ.ಮೀ. ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಕೇಂದ್ರ ಸರ್ಕಾರದ 2018ರ ಏಪ್ರಿಲ್ ಅಧಿಸೂಚನೆ ನಗರ ವ್ಯಾಪ್ತಿಯ ಕಾರುಗಳಿಗೆ 70 ಕಿ.ಮೀ.ವರೆಗೆ ಬಿಟ್ಟಿತು. ಕುಡಿದು ಓಡಿಸುವುದರ ಮಿತಿ ನಮ್ಮಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಇದು ಎಷ್ಟೋ ಶ್ರೀಮಂತ ದೇಶಗಳಿಗಿಂತ ಬಿಗಿ. ಆದರೆ ಹೊಸದಾಗಿ ಲೈಸೆನ್ಸ್ ಪಡೆದ ಹುಡುಗರಿಗೆ ಇನ್ನೂ ಕಡಿಮೆ ಮಿತಿ ಇರಬೇಕೆಂಬ ಶಿಫಾರಸನ್ನು ನಾವು ಅಳವಡಿಸಿಕೊಂಡಿಲ್ಲ.

ಕಾನೂನು ತೆಗೆದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವವನ್ನು ನೆನೆಯಬೇಕು. 1967ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಹೆದ್ದಾರಿ ಅನುದಾನಕ್ಕೆ ಹೆಲ್ಮೆಟ್ ಕಾನೂನಿನ ಷರತ್ತು ಹಾಕಿತು. 1975ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ರಾಜ್ಯಗಳೂ ಕಾನೂನು ತಂದಿದ್ದವು. ವ್ಯಕ್ತಿಸ್ವಾತಂತ್ರ್ಯದ ಕೂಗೆದ್ದು 1976ರಲ್ಲಿ ಸಂಸತ್ತು ಆ ಷರತ್ತನ್ನು ತೆಗೆಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಹೆಲ್ಮೆಟ್ ಕಾನೂನನ್ನು ರದ್ದುಮಾಡಿದವು ಇಲ್ಲವೇ ಹುಡುಗರಿಗೆ ಮಾತ್ರ ಸೀಮಿತಗೊಳಿಸಿದವು. ಅಲ್ಲಿ ಒಂದು ಅನುಕೂಲವಿತ್ತು. ಯಾವ ರಾಜ್ಯ ಯಾವ ದಿನ ರದ್ದುಮಾಡಿತು ಎಂಬುದು ನಿಖರವಾಗಿ ದಾಖಲಾಗಿತ್ತು. 1975ರಿಂದ ಪ್ರತಿಯೊಂದು ರಸ್ತೆ ಸಾವಿನ ವಿವರವೂ ಒಂದೇ ನಮೂನೆಯಲ್ಲಿ ರಾಷ್ಟ್ರಮಟ್ಟದಲ್ಲಿ ದಾಖಲಾಗತೊಡಗಿತ್ತು. ಎರಡನ್ನೂ ಜೋಡಿಸಿದ ಸಂಶೋಧಕರು 1980ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ರದ್ದುಮಾಡಿದ ರಾಜ್ಯಗಳಲ್ಲಿ ಬೈಕ್ ಸವಾರರ ಸಾವು ಸರಾಸರಿ ಶೇ 40ರ ಆಸುಪಾಸಿನಲ್ಲಿ ಏರಿತ್ತು. ಹಾಗೆಂದು ಎಲ್ಲ ರಾಜ್ಯಗಳೂ ಕಾನೂನನ್ನು ಮರಳಿ ತರಲಿಲ್ಲ. ಆದರೆ ಹೆಲ್ಮೆಟ್ ಬೇಕೋ ಬೇಡವೋ ಎಂದು ಅಲ್ಲಿ ವಾದಿಸುವವರು ಇಂದಿಗೂ ಆ ಅಂಕಿಯನ್ನು ಎದುರಿಸಿಯೇ ವಾದಿಸಬೇಕು.

ವಿಯೆಟ್ನಾಂನ ಕಥೆ ನಮಗೆ ಇನ್ನೂ ಹತ್ತಿರದ್ದು; ಅದೂ ಬೈಕುಗಳ ದೇಶ. ಮೊದಲು ಅಲ್ಲಿ ಕೆಲವು ರಸ್ತೆಗಳಲ್ಲಷ್ಟೇ ಹೆಲ್ಮೆಟ್ ಕಡ್ಡಾಯವಿತ್ತು. 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲಿ, ಎಲ್ಲ ಸವಾರರಿಗೆ ಕಡ್ಡಾಯವಾಯಿತು. ಕೆಲವೇ ದಿನಗಳಲ್ಲಿ ದೊಡ್ಡವರ ತಲೆಯ ಮೇಲೆ ಹೆಲ್ಮೆಟ್ ಕಾಣುವುದು ಶೇ 90 ದಾಟಿತು. ಇಪ್ಪತ್ತು ಆಸ್ಪತ್ರೆಗಳ ದಾಖಲೆ ನೋಡಿದಾಗ ಮೊದಲ ಮೂರು ತಿಂಗಳಲ್ಲೇ ರಸ್ತೆ ಅಪಘಾತದ ತಲೆ ಗಾಯದ ಅಪಾಯ ಶೇ 16ರಷ್ಟು, ಸಾವಿನ ಅಪಾಯ ಶೇ 18ರಷ್ಟು ಇಳಿದಿತ್ತು. ಸರ್ಕಾರ ಇಷ್ಟಕ್ಕೇ ಬೆನ್ನು ತಟ್ಟಿಕೊಳ್ಳಬಹುದಿತ್ತು. ಸಂಶೋಧಕರು ಕಾನೂನಿನ ಪಠ್ಯವನ್ನೂ ಬೀದಿಯ ಎಣಿಕೆಯನ್ನೂ ಮತ್ತೆ ಜೋಡಿಸಿ ನೋಡಿದರು. ಅಪ್ಪ ಅಮ್ಮನ ತಲೆಯಲ್ಲಿ ಹೆಲ್ಮೆಟ್ ಇದ್ದರೂ ನಡುವೆ ಕುಳಿತ ಮಕ್ಕಳ ತಲೆ ಬರಿದಾಗಿತ್ತು. ಕಾರಣ ಸಿಕ್ಕಿದ್ದು ಕಾನೂನಿನಲ್ಲೇ. ಮಕ್ಕಳಿಗೂ ಹೆಲ್ಮೆಟ್ ಬೇಕೆಂದಿತ್ತು, ಆದರೆ ಚಿಕ್ಕ ಮಕ್ಕಳಿಗೆ ದಂಡ ಹಾಕುವಂತಿರಲಿಲ್ಲ. ಕರೆದೊಯ್ಯುವ ದೊಡ್ಡವರಿಗೆ ದಂಡ ಹಾಕಲು ಅವಕಾಶವೇ ಬರೆದಿರಲಿಲ್ಲ. ಹೆಲ್ಮೆಟ್ ಭಾರಕ್ಕೆ ಮಗುವಿನ ಕುತ್ತಿಗೆಗೆ ಪೆಟ್ಟಾಗುತ್ತದೆಂಬ ವದಂತಿಯೂ ಸೇರಿಕೊಂಡಿತ್ತು. 2010ರಲ್ಲಿ ಆ ಕಿಂಡಿಯನ್ನು ಮುಚ್ಚಿದರು: ಆರು ವರ್ಷ ತುಂಬಿದ ಮಗುವನ್ನು ಹೆಲ್ಮೆಟ್ ಇಲ್ಲದೆ ಕರೆದೊಯ್ದರೆ ದಂಡ ಕಟ್ಟಬೇಕಾದವರು ದೊಡ್ಡವರು. ಕಾನೂನನ್ನು ಒಂದು ಸಲ ಮಾಡಿ ಕೈತೊಳೆದುಕೊಳ್ಳದೆ, ಅಳೆದು, ತಿದ್ದಿ, ಮತ್ತೆ ಅಳೆಯುವುದು ಎಂದರೆ ಇದು.

ರಸ್ತೆಯಾಚೆಗೂ ಈ ವಿಧಾನಕ್ಕೆ ಎಷ್ಟು ಶಕ್ತಿಯಿದೆ ಎಂಬುದನ್ನು ಶ್ರೀಲಂಕಾ ತೋರಿಸಿಕೊಟ್ಟಿದೆ. 1995ರಲ್ಲಿ ಅಲ್ಲಿ ಲಕ್ಷಕ್ಕೆ 47 ಮಂದಿ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದರು; ಅದರಲ್ಲಿ ಬಹುಪಾಲು ಕೀಟನಾಶಕದಿಂದ. ಆ ವರ್ಷ ಅತ್ಯಂತ ವಿಷಕಾರಿ ಕೀಟನಾಶಕಗಳ ಆಮದನ್ನು, 1998ರಲ್ಲಿ ಎಂಡೋಸಲ್ಫಾನನ್ನು ನಿಷೇಧಿಸಲಾಯಿತು. 2005ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿದಿತ್ತು. ಹಿಂದಿನ ದಶಕಕ್ಕೆ ಹೋಲಿಸಿದರೆ 1996ರಿಂದ 2005ರ ನಡುವೆ ಸುಮಾರು 20 ಸಾವಿರ ಆತ್ಮಹತ್ಯೆಗಳು ಕಡಿಮೆಯಾಗಿದ್ದವು. ಸಂಶೋಧಕರು ನಿರುದ್ಯೋಗ, ಮದ್ಯಪಾನ, ವಿಚ್ಛೇದನ, ಅಂತರ್ಯುದ್ಧದ ಏರಿಳಿತಗಳನ್ನೂ ಪಕ್ಕದಲ್ಲಿಟ್ಟು ನೋಡಿದರು. ಯಾವುದೂ ಈ ಇಳಿಕೆಗೆ ಹೊಂದಲಿಲ್ಲ, ನಿಷೇಧದ ದಿನಾಂಕಗಳು ಹೊಂದಿದವು. ವಿಷ ಸೇವಿಸಿ ಆಸ್ಪತ್ರೆಗೆ ಬರುವವರ ಸಂಖ್ಯೆ ಇಳಿದಿರಲಿಲ್ಲ, ಬಂದವರು ಬದುಕುಳಿಯುತ್ತಿದ್ದರು. ಭತ್ತದ ಇಳುವರಿಯೂ ಕುಸಿಯಲಿಲ್ಲ. ನಮ್ಮಲ್ಲಿ ರೈತರ ಆತ್ಮಹತ್ಯೆ ಎಂದೊಡನೆ ಸಾಲ, ಬೆಲೆ, ಬರಗಾಲಗಳ ಚರ್ಚೆ ನಡೆಯುತ್ತದೆ, ನಡೆಯಲೇಬೇಕು. ಆದರೆ ದಕ್ಷಿಣ ಕನ್ನಡದ ಎಂಡೋಸಲ್ಫಾನ್ ಸಂತ್ರಸ್ತರ ಹೋರಾಟದ ಫಲವಾಗಿ 2011ರಲ್ಲಿ ಕರ್ನಾಟಕ ಆ ವಿಷವನ್ನು ನಿಷೇಧಿಸಿದ ಮೇಲೆ, 2018ರಲ್ಲಿ ಕೇಂದ್ರ 18 ಕೀಟನಾಶಕಗಳ ನಿಷೇಧಕ್ಕೆ ಆದೇಶ ಹೊರಡಿಸಿದ ಮೇಲೆ, ನಮ್ಮ ಜಿಲ್ಲಾಸ್ಪತ್ರೆಗಳಿಗೆ ಬರುವ ವಿಷಪ್ರಾಶನದ ರೋಗಿಗಳಲ್ಲಿ ಎಷ್ಟು ಮಂದಿ ಬದುಕಿದರು ಎಂಬುದನ್ನು ಆ ದಿನಾಂಕಗಳೊಂದಿಗೆ ತಾಳೆ ನೋಡಿ ವರ್ಷವರ್ಷ ಜನರ ಮುಂದಿಡುವುದು ಯಾವ ಇಲಾಖೆಯ ವಾಡಿಕೆಯಲ್ಲೂ ಇಲ್ಲ.

ಮನೆಯಂಗಳದ ಉದಾಹರಣೆ ಬೆಂಗಳೂರು–ಮೈಸೂರು ಹೆದ್ದಾರಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ದಶಪಥದಲ್ಲಿ ಆ ಒಂದೇ ವರ್ಷ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ರಾಜ್ಯವೇ ಬೆಚ್ಚಿತು. ಪೊಲೀಸರು ವೇಗ ಅಳೆಯುವ ಯಂತ್ರ ಹಿಡಿದು ನಿಂತರು. ಗಂಟೆಗೆ 100 ಕಿ.ಮೀ. ಮಿತಿಯನ್ನು ಬಿಗಿಗೊಳಿಸಿದರು. ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಹೆದ್ದಾರಿ ಪ್ರಾಧಿಕಾರ ನಿಷೇಧ ಹೇರಿತು. ಬೇಲಿ ಸರಿಪಡಿಸಿದರು, ಫಲಕ ಹಾಕಿದರು. 2024ರಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳು ಬಂದು ಮೊಬೈಲಿಗೇ ದಂಡದ ಸಂದೇಶ ಬರತೊಡಗಿತು. ಸಾವಿನ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಇದು ದೊಡ್ಡ ಸಾಧನೆ, ಅದಕ್ಕಾಗಿ ದುಡಿದ ಅಧಿಕಾರಿಗಳಿಗೆ ಶ್ರೇಯ ಸಲ್ಲಲೇಬೇಕು. ಆದರೆ ಮುಂದಿನ ಪ್ರಶ್ನೆಗೆ ಉತ್ತರ ಹೇಳಿ: ಇಳಿಸಿದ್ದು ಯಾವುದು? ಕ್ಯಾಮೆರಾವೇ, ಬೈಕ್ ನಿಷೇಧವೇ, ಬೇಲಿಯೇ? ಮುಖ್ಯ ಪಥದಿಂದ ಹೊರಹೋದ ಬೈಕುಗಳು ಸರ್ವಿಸ್ ರಸ್ತೆಗೆ ಇಳಿದವು. ಅಲ್ಲಿ ಊರೊಳಗಿನ ಟ್ರ್ಯಾಕ್ಟರು, ಎತ್ತಿನಗಾಡಿ, ಶಾಲಾ ಮಕ್ಕಳ ನಡುವೆ ಅವುಗಳ ಗತಿ ಏನಾಯಿತು? ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಆಸ್ಪತ್ರೆಗಳ ತುರ್ತು ವಿಭಾಗದ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ. ಪ್ರತಿ ಕ್ರಮ ಯಾವ ಕಿಲೋಮೀಟರಿನಿಂದ ಯಾವ ಕಿಲೋಮೀಟರಿಗೆ, ಯಾವ ದಿನದಿಂದ ಜಾರಿಯಾಯಿತು ಎಂಬ ಪಟ್ಟಿಯೊಂದಿಗೆ ಆ ಪುಸ್ತಕವನ್ನು ಜೋಡಿಸಿದರೆ ತುಮಕೂರು ರಸ್ತೆಗೆ, ಹುಬ್ಬಳ್ಳಿ–ಧಾರವಾಡ ಬೈಪಾಸಿಗೆ ಯಾವ ಮದ್ದು ಮೊದಲು ಬೇಕೆಂದು ತಿಳಿಯುತ್ತದೆ. ಜೋಡಿಸದಿದ್ದರೆ ಎಲ್ಲ ಕಡೆಯೂ ಎಲ್ಲವನ್ನೂ ಮಾಡಬೇಕು, ಅಥವಾ ಅಗ್ಗವಾದದ್ದನ್ನು ಮಾಡಿ ಸುಮ್ಮನಾಗಬೇಕು.

ಕಾನೂನಿನ ಪ್ರಭಾವ ದತ್ತಾಂಶದ ಒಳಗೇ ಹೊಕ್ಕಿರುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯಲ್ಲಿ ಶೇ 71ರಷ್ಟು ಸಾವುಗಳಿಗೆ ಅತಿವೇಗ ಕಾರಣ ಎಂದಿದೆ. ಈ ಅಂಕಿ ಎಲ್ಲಿಂದ ಬಂತು? ಅಪಘಾತ ಸ್ಥಳಕ್ಕೆ ಬಂದ ಪೊಲೀಸ್ ಸಿಬ್ಬಂದಿ ಎಫ್‌ಐಆರ್ ಬರೆಯುವಾಗ ಅವರ ಮುಂದಿರುವುದು ಮೊದಲು ಭಾರತೀಯ ದಂಡ ಸಂಹಿತೆಯ 279 ಮತ್ತು 304ಎ, ಈಗ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106(1). ಎರಡೂ ಕೇಳುವುದು ಒಬ್ಬ ಆರೋಪಿ ಚಾಲಕನನ್ನು, ಅವನ ದುಡುಕನ್ನು ಅಥವಾ ನಿರ್ಲಕ್ಷ್ಯವನ್ನು. ಆದ್ದರಿಂದ ರಾಜ್ಯದ ಯಾವ ಠಾಣೆಯ ಎಫ್‌ಐಆರ್ ನೋಡಿದರೂ ‘ಅತಿವೇಗ ಮತ್ತು ಅಜಾಗರೂಕತೆ’ ಎಂಬ ಪದಗಳು ಜೊತೆಯಾಗಿಯೇ ಬರುತ್ತವೆ. ತಿರುವಿನಲ್ಲಿ ದೀಪವಿರಲಿಲ್ಲ, ಡಿವೈಡರ್ ಒಡೆದಿತ್ತು, ಹಂಪ್‌ಗೆ ಬಣ್ಣ ಬಳಿದಿರಲಿಲ್ಲ ಎಂಬುದು ಪಂಚನಾಮೆಯಲ್ಲಿ ಒಂದು ಸಾಲಾಗಿ ಬಂದರೂ ಕಾರಣದ ಕಾಲಂಗೆ ಏರುವುದು ಅಪರೂಪ. ರಸ್ತೆಯ ವಿನ್ಯಾಸ ದೋಷದಿಂದ ಸಾವಾದರೆ ಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರಗಳಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕುವ 198ಎ ಕಲಂ 2019ರಿಂದ ಕಾಯ್ದೆಯಲ್ಲಿದೆ. ಅದರಡಿ ಪ್ರಕರಣ ದಾಖಲಾದ ಸುದ್ದಿ ಓದುಗರು ಎಷ್ಟು ಸಲ ಓದಿದ್ದೀರಿ? ಯಾವ ಕಲಂ ಎಷ್ಟು ಸಲ ಬಳಕೆಯಾಯಿತು, ಯಾವುದು ಬಳಕೆಯಾಗಲೇ ಇಲ್ಲ ಎಂಬ ಎಣಿಕೆ ಕೂಡ ಕಾನೂನು ದತ್ತಾಂಶವೇ. ಬಳಕೆಯಾಗದ ಕಲಮ್ಮಿನ ಲೆಕ್ಕ ಎಷ್ಟೋ ಸಲ ಹೆಚ್ಚು ಹೇಳುತ್ತದೆ. ಇನ್ನು ಪೊಲೀಸ್ ಲೆಕ್ಕಕ್ಕೂ ವಾಸ್ತವಕ್ಕೂ ಇರುವ ಅಂತರ: 2016ರಲ್ಲಿ ಭಾರತ ವರದಿ ಮಾಡಿದ ರಸ್ತೆ ಸಾವು ಸುಮಾರು 1.5 ಲಕ್ಷ; ಅದೇ ವರ್ಷಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಸುಮಾರು 3 ಲಕ್ಷ.

ದಂಡದ ವಿಷಯಕ್ಕೆ ಬರೋಣ. 2019ರ ಸೆಪ್ಟೆಂಬರ್ 1ರಂದು ಹೊಸ ದಂಡಗಳು ಜಾರಿಯಾದವು. ಹೆಲ್ಮೆಟ್ ಇಲ್ಲದಿದ್ದರೆ 1,000 ರೂಪಾಯಿ. ಹತ್ತು ದಿನಕ್ಕೆ ಗುಜರಾತ್ ಅದನ್ನು 500ಕ್ಕೆ ಇಳಿಸಿತು. ಅದೇ ತಿಂಗಳಲ್ಲಿ ಕರ್ನಾಟಕವೂ 500ಕ್ಕೆ ಇಳಿಸಿತು. ಪಶ್ಚಿಮ ಬಂಗಾಳ, ಮಧ್ಯಪ್ರದೇಶ, ರಾಜಸ್ಥಾನಗಳು ತಕ್ಷಣ ಜಾರಿಗೇ ಒಪ್ಪಲಿಲ್ಲ. ಜನರ ಸಿಟ್ಟು ನಿಜವಾಗಿತ್ತು, ಅದಕ್ಕೆ ಕಿವಿಗೊಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಆದರೆ 1,000 ಏಕೆ, 500 ಏಕೆ, 200 ಏಕಾಗಬಾರದು ಎಂಬುದಕ್ಕೆ ಸರ್ಕಾರದ ಬಳಿ ಆಧಾರವಿರಲಿಲ್ಲ. ಆಮೇಲೆ 2023ರ ಫೆಬ್ರುವರಿಯಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಸಲಹೆಯಂತೆ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಬೆಂಗಳೂರೊಂದರಲ್ಲೇ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. ಅದೇ ವರ್ಷ ಮತ್ತೆ, 2025ರಲ್ಲಿ ಮತ್ತೊಮ್ಮೆ ರಿಯಾಯಿತಿ ಬಂತು. ಬೊಕ್ಕಸದ ದೃಷ್ಟಿಯಿಂದ, ಬಾಕಿ ಪ್ರಕರಣಗಳ ದೃಷ್ಟಿಯಿಂದ ಇದು ಯಶಸ್ಸೇ. ಆದರೆ ಕಾದರೆ ಅರ್ಧಕ್ಕೆ ಮುಗಿಯುತ್ತದೆಂದು ಗೊತ್ತಾದ ಸವಾರ ಮುಂದಿನ ಸಲ ಸಿಗ್ನಲ್ ದಾಟುವಾಗ ಹೇಗೆ ನಡೆದುಕೊಳ್ಳುತ್ತಾನೆ? ರಿಯಾಯಿತಿಯ ಲಾಭ ಪಡೆದ ವಾಹನಗಳ ಮೇಲೆ ಮುಂದಿನ ಆರು ತಿಂಗಳಲ್ಲಿ ಎಷ್ಟು ಹೊಸ ಪ್ರಕರಣ ದಾಖಲಾದವು ಎಂದು ಸಂಚಾರ ಪೊಲೀಸರ ಕಂಪ್ಯೂಟರಿಗೆ ಕೇಳಿದರೆ ಉತ್ತರ ಬರುತ್ತದೆ. ಎರಡನೇ ರಿಯಾಯಿತಿ ಕೊಡುವ ಮೊದಲೇ ಆ ಉತ್ತರ ಸಾರ್ವಜನಿಕರ ಮುಂದೆ ಇರಬೇಕಿತ್ತು.

ಇದಕ್ಕೆಲ್ಲ ಎದ್ದೇಳುವ ಮೊದಲ ಆಕ್ಷೇಪ: ನಮ್ಮಲ್ಲಿ ಕಾನೂನು ಬೇಕಾದಷ್ಟಿದೆ, ಜಾರಿಯೇ ಇಲ್ಲ, ಹಾಗಿರುವಾಗ ಕಾನೂನಿನ ಪದ ಎಣಿಸಿ ಏನು ಫಲ? ಜಾರಿ ದುರ್ಬಲವೆಂಬುದು ನಿಜ. ಆದರೆ ಎಷ್ಟೋ ವೇಳೆ ಜಾರಿಯ ಬಲ, ದೌರ್ಬಲ್ಯ ಅಡಗಿರುವುದು ಪದಗಳಲ್ಲೇ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಸೀಟ್ ಬೆಲ್ಟ್ ಹಾಕದ ಒಂದೇ ಕಾರಣಕ್ಕೆ ಪೊಲೀಸರು ಕಾರು ನಿಲ್ಲಿಸಬಹುದು; ಇನ್ನು ಕೆಲವು ರಾಜ್ಯಗಳಲ್ಲಿ ಬೇರೆ ತಪ್ಪಿಗೆ ನಿಲ್ಲಿಸಿದಾಗ ಮಾತ್ರ ಬೆಲ್ಟ್ ಬಗ್ಗೆ ಕೇಳಬಹುದು. ಎರಡೂ ಕಡೆ ಬೆಲ್ಟ್ ಕಡ್ಡಾಯವೇ. ಮೊದಲ ಬಗೆಯ ರಾಜ್ಯಗಳಲ್ಲಿ ಬೆಲ್ಟ್ ಬಳಕೆ ಹೆಚ್ಚೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ, ಹಾಗಾಗಿ ಎರಡನೇ ಬಗೆಯ ಹಲವು ರಾಜ್ಯಗಳು ಕಾನೂನು ಬದಲಿಸಿಕೊಂಡವು. ನಮ್ಮ ವಿಷಯದಲ್ಲೂ ಎಷ್ಟು ಚಲನ್ ಹಾಕಿದರು, ಕ್ಯಾಮೆರಾ ಯಾವ ದಿನ ಬಂತು, ಕೋರ್ಟಿನಲ್ಲಿ ಎಷ್ಟು ಶಿಕ್ಷೆಯಾಯಿತು ಎಂಬುದು ಈ ಲೆಕ್ಕದ ಭಾಗವೇ ಆಗಬೇಕು. ಜಾರಿ ಸರಿಯಿಲ್ಲ ಎಂಬ ದೂರನ್ನು ಅಳತೆಯಿಂದ ಸಾಬೀತುಮಾಡುವ ದಾರಿ ಇದೊಂದೇ.

ಎರಡನೆಯ ಆಕ್ಷೇಪ ಸಂಖ್ಯಾಶಾಸ್ತ್ರದ್ದು, ಮತ್ತು ಗಟ್ಟಿಯಾದದ್ದು. ಕಾನೂನು ಬಂದ ವರ್ಷವೇ ವಾಹನಗಳ ಸಂಖ್ಯೆ ಏರಿರುತ್ತದೆ, ಹೊಸ ರಸ್ತೆ ತೆರೆದಿರುತ್ತದೆ, ಆಂಬುಲೆನ್ಸ್ ಹೆಚ್ಚಿರುತ್ತದೆ; ಸಾವು ಇಳಿದದ್ದು ಕಾನೂನಿನಿಂದಲೇ ಎಂದು ಹೇಗೆ ಹೇಳುವುದು? 2019ರ ದಂಡ ಜಾರಿಯಾಗಿ ಏಳು ತಿಂಗಳು ಕಳೆಯುವ ಮೊದಲೇ ಕೋವಿಡ್ ಲಾಕ್‌ಡೌನ್ ಬಂದು ರಸ್ತೆಗಳೇ ಖಾಲಿಯಾದವು. ಆ ಅವಧಿಯ ಅಂಕಿಗಳಿಂದ ಆತುರದ ತೀರ್ಮಾನ ಮಾಡುವವರನ್ನು ನಂಬಬಾರದು. ಈ ತೊಡಕಿಗೆ ಇರುವ ಪರಿಹಾರವೂ ದಿನಾಂಕಗಳಲ್ಲೇ ಇದೆ. ರಾಜ್ಯಗಳು ಬೇರೆ ಬೇರೆ ದಿನ, ಬೇರೆ ಬೇರೆ ಪ್ರಮಾಣದಲ್ಲಿ ಕಾನೂನು ಬದಲಿಸಿದಾಗ ಬದಲಿಸಿದ ರಾಜ್ಯವನ್ನು ಬದಲಿಸದ ನೆರೆರಾಜ್ಯದೊಂದಿಗೆ, ಹೆಲ್ಮೆಟ್ ನಿಯಮ ತಟ್ಟುವ ತಲೆ ಗಾಯವನ್ನು ಅದು ತಟ್ಟದ ಕಾಲು ಮುರಿತದೊಂದಿಗೆ ಹೋಲಿಸಬಹುದು. ಒಕ್ಕೂಟ ವ್ಯವಸ್ಥೆ ನಮಗೆ ಇಂಥ ಹೋಲಿಕೆಗೆ ಇಪ್ಪತ್ತೆಂಟು ರಾಜ್ಯಗಳನ್ನು ಕೊಟ್ಟಿದೆ. ಖಚಿತತೆ ಪೂರ್ತಿ ಬಾರದಿರಬಹುದು, ಈಗಿರುವ ಅಂದಾಜಿಗಿಂತ ಅದು ಎಷ್ಟೋ ಮೇಲು. ಹಿಟ್ ಅಂಡ್ ರನ್‌ಗೆ 10 ವರ್ಷದವರೆಗೆ ಶಿಕ್ಷೆ ವಿಧಿಸುವ ನ್ಯಾಯ ಸಂಹಿತೆಯ 106(2) ನೋಡಿ. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದರು. ಜುಲೈ 1ರಂದು ಉಳಿದ ಸಂಹಿತೆ ಜಾರಿಯಾದಾಗ ಆ ಉಪಕಲಂ ಒಂದನ್ನು ತಡೆಹಿಡಿಯಲಾಯಿತು. ಶಿಕ್ಷೆ ಹೆಚ್ಚಾದರೆ ಚಾಲಕ ನಿಂತು ಗಾಯಾಳುವನ್ನು ಎತ್ತುತ್ತಾನೋ, ಹೆದರಿ ಇನ್ನಷ್ಟು ವೇಗವಾಗಿ ಓಡುತ್ತಾನೋ ಎಂಬ ಜೀವನ್ಮರಣದ ಪ್ರಶ್ನೆಯನ್ನು ಎರಡೂ ಕಡೆಯವರು ಬರೀ ಗಂಟಲ ಬಲದಿಂದ ಚರ್ಚಿಸಿದರು.

ಬಡವರ ಮೇಲೆ ದಂಡದ ಹೊರೆ ಹೆಚ್ಚುತ್ತದೆ, ಜನರ ಖಾಸಗಿ ವಿವರ ಬಯಲಾಗುತ್ತದೆ ಎಂಬ ಆತಂಕಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ದಿನಕ್ಕೆ ಹನ್ನೆರಡು ತಾಸು ಊಟದ ಪೊಟ್ಟಣ ಹಂಚುವ ಹುಡುಗನಿಗೆ 500 ರೂಪಾಯಿ ಒಂದು ದಿನದ ಕೂಲಿ. ದಂಡದ ಪಾಲು ಯಾರ ಮೇಲೆ ಎಷ್ಟು ಬೀಳುತ್ತಿದೆ ಎಂದು ತೋರಿಸಬಲ್ಲದ್ದೂ ಇದೇ ಲೆಕ್ಕ. ಹತ್ತು ನಿಮಿಷದಲ್ಲಿ ತಲುಪಿಸಲೇಬೇಕೆಂಬ ಕಂಪನಿಯ ಒತ್ತಡಕ್ಕೆ ಸವಾರನೊಬ್ಬನೇ ದಂಡ ತೆರುವುದು ನ್ಯಾಯವೇ ಎಂಬ ಪ್ರಶ್ನೆ ಅಂಕಿಅಂಶದ ಬೆಂಬಲವಿದ್ದರೆ ವಿಧಾನಸಭೆಯಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ. ಖಾಸಗಿತನದ ವಿಷಯದಲ್ಲಿ, ಸಂಶೋಧನೆಗೆ ಯಾರ ಹೆಸರೂ, ಫೋನ್ ನಂಬರೂ, ವಾಹನ ಸಂಖ್ಯೆಯೂ ಬೇಕಿಲ್ಲ. ಸ್ಥಳ, ಸಮಯ, ವಯಸ್ಸು, ಗಾಯದ ಬಗೆ ಸಾಕು. ಹೆಸರು ತೆಗೆದ ಮೇಲೆ ಮಾತ್ರ ದತ್ತಾಂಶ ಹೊರಬರಬೇಕೆಂಬ ಷರತ್ತನ್ನು ಬರೆದಿಡಬೇಕು, ಮುರಿದವರನ್ನು ಶಿಕ್ಷಿಸಬೇಕು.

ಕೆಲಸಕ್ಕೆ ಬೇಕಾದ ಸಾಮಗ್ರಿ, ಜನ ಎಲ್ಲ ನಮ್ಮಲ್ಲೇ ಇದ್ದಾರೆ. ಐಐಟಿ ಮದ್ರಾಸ್ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ ಅಪಘಾತ ದಾಖಲೆ ವ್ಯವಸ್ಥೆಯನ್ನು ಮೊದಲು ಪ್ರಯೋಗಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕ ಒಂದು. ಇಂದು ಪೊಲೀಸರು ಸ್ಥಳದಿಂದಲೇ ಮೊಬೈಲಿನಲ್ಲಿ ವಿವರ ತುಂಬುತ್ತಾರೆ. ಅಪಘಾತ ಗಾಯಗಳ ಅಧ್ಯಯನದಲ್ಲಿ ಡಾ. ಜಿ. ಗುರುರಾಜ್ ಅವರ ನೇತೃತ್ವದಲ್ಲಿ ದಶಕಗಳ ಕಾಲ ಕೆಲಸ ಮಾಡಿದ ನಿಮ್ಹಾನ್ಸ್‌ನ ಎಪಿಡೆಮಿಯಾಲಜಿ ವಿಭಾಗ ಬೆಂಗಳೂರಿನಲ್ಲಿದೆ. ಕಾನೂನು ಓದಬಲ್ಲ ಯುವಕರ ನ್ಯಾಷನಲ್ ಲಾ ಸ್ಕೂಲ್ ಅದೇ ಊರಿನ ನಾಗರಭಾವಿಯಲ್ಲಿದೆ. ಇಲ್ಲದಿರುವುದು ಇವರೆಲ್ಲರ ಮಧ್ಯದ ಕೊಂಡಿ. ಜಿಲ್ಲಾಧಿಕಾರಿ ಹೊರಡಿಸುವ ವೇಗ ಮಿತಿ ಆದೇಶ, ಸಾರಿಗೆ ಇಲಾಖೆಯ ಅಧಿಸೂಚನೆ, ರಾಜ್ಯಪತ್ರದ ಪುಟ, ಹೈಕೋರ್ಟ್ ನಿರ್ದೇಶನ ಇವೆಲ್ಲ ಒಂದೊಂದು ಕಡೆ, ಬಹಳಷ್ಟು ಸಲ ಸ್ಕ್ಯಾನ್ ಮಾಡಿದ ಚಿತ್ರಗಳಾಗಿ ಬಿದ್ದಿವೆ. ಅವನ್ನು ಒಂದೇ ಕಡೆ, ಹುಡುಕಬಲ್ಲ ಕನ್ನಡ ಪಠ್ಯವಾಗಿ, ಜಾರಿ ದಿನಾಂಕ ಮತ್ತು ವ್ಯಾಪ್ತಿಯೊಂದಿಗೆ ಇಡುವುದಕ್ಕೆ ಒಂದು ಸಣ್ಣ ತಂಡ ಸಾಕು. ಒಂದು ಮೇಲ್ಸೇತುವೆಯ ದುರಸ್ತಿಗೆ ತಗಲುವ ಹಣದ ಒಂದು ಪಾಲೂ ಬೇಕಾಗದು. 2025ರ ಮೇ ತಿಂಗಳಲ್ಲಿ ಜಾರಿಯಾದ ನಗದುರಹಿತ ಚಿಕಿತ್ಸೆ ಯೋಜನೆಯಿಂದ ಈ ಕೆಲಸ ಆರಂಭಿಸಬಹುದು. ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಎಂದು ಅದು ಹೇಳುತ್ತದೆ. ಯಾವ ಜಿಲ್ಲೆಯ ಯಾವ ಆಸ್ಪತ್ರೆ ಯಾವ ದಿನದಿಂದ ಇದನ್ನು ಕೊಡತೊಡಗಿತು, ಕೊಟ್ಟ ಕಡೆ ಮೊದಲ ತಾಸಿನಲ್ಲಿ ಸಾಯುವವರು ಕಡಿಮೆಯಾದರೇ ಎಂದು ಮೊದಲ ದಿನದಿಂದಲೇ ಬರೆದಿಟ್ಟರೆ ಎರಡು ವರ್ಷದಲ್ಲಿ ದೇಶಕ್ಕೇ ಮಾದರಿಯಾಗುವ ಉತ್ತರ ನಮ್ಮ ಕೈಯಲ್ಲಿರುತ್ತದೆ.

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಸಭೆ ಸೇರುತ್ತದೆ. ಅದರ ನಡಾವಳಿಯನ್ನು ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಕೇಳಬಹುದು. ನಿಮ್ಮ ಜಿಲ್ಲೆಯಲ್ಲಿ ಕಳೆದ ಐದು ವರ್ಷಗಳಲ್ಲಿ ಯಾವ ರಸ್ತೆಗೆ ಯಾವ ಹೊಸ ನಿಯಮ ಯಾವ ದಿನ ಬಂತು, ಬಂದ ಮೇಲೆ ಅಲ್ಲಿ ಸತ್ತವರೆಷ್ಟು ಎಂದು ಈ ತಿಂಗಳೇ ಒಂದು ಅರ್ಜಿ ಹಾಕಿ ಕೇಳಿ. ಲೆಕ್ಕವಿಲ್ಲ ಎಂಬ ಉತ್ತರ ಬಂದರೆ ಅದನ್ನು ನಿಮ್ಮ ಶಾಸಕರ ಕೈಗೆ ಕೊಟ್ಟು, ಮುಂದಿನ ಅಧಿವೇಶನದಲ್ಲಿ ಆ ಪ್ರಶ್ನೆ ಎತ್ತಲು ಒತ್ತಾಯಿಸಿ.